ಮೊರ ತುಂಬದ ಸೌತೆಬೀಜ

‘ಸುಲಭ’ ಎಂಬ ಮಾತನ್ನು ಅಚ್ಚಿನಲ್ಲಿ ಕಂಡರೆ ನನ್ನ ಎದೆ ಡವಡವ ಎನ್ನುತ್ತದೆ. ಕಷ್ಟ ಎಂದು ಮೊದಲೇ ಹೇಳಿಕೊಂಡು ಬರುವ ಕೆಲಸಕ್ಕೆ ನಾನು ಹೆದರುವುದಿಲ್ಲ. ಅದು ದೂರದಲ್ಲಿ ಬರುತ್ತಿರುವಾಗಲೇ ಕಂಡುಹಿಡಿದು ಪಕ್ಕದ ಸಂದಿಗೆ ತಿರುಗಿಕೊಳ್ಳುವ ವಿದ್ಯೆ ನನಗೆ ಕರಗತವಾಗಿದೆ. ಸುಲಭ ಎಂದು ಹೇಳಿಕೊಂಡು ಬರುವ ಕೆಲಸದ ಜಾತಿಯೇ ಬೇರೆ. ಅದು ದೂರದ ನೆಂಟನ ಹಾಗೆ ನಗುನಗುತ್ತ ಒಳಗೆ ಬಂದು, ಚಹಾ ಕುಡಿದು, ‘ಒಂದೇ ದಿನ’ ಎಂದು ಹೇಳಿ ಹಾಸಿಗೆ ಬಿಚ್ಚಿಬಿಡುತ್ತದೆ. ಒಮ್ಮೆ ಸುಲಭ ಯೋಗಾಸನ ಮಾಡಲು ಹೋಗಿ ಕುತ್ತಿಗೆ ಹಿಡಿದುಕೊಂಡು, ನಮ್ಮ ಸಾಹೇಬರನ್ನು ವಾರಗಟ್ಟಲೆ ಓರೆಗಣ್ಣಿನಿಂದಲೇ ನೋಡಬೇಕಾಯಿತು. ಅವರು ಅದನ್ನು ಸೊಕ್ಕು ಎಂದು ತಿಳಿದು ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಕೂತು ಧೂಳು ಕುಡಿದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಮುಂದಿನ ಬೇಸಿಗೆಯಲ್ಲಿ ಓಣಿಯವರೆಲ್ಲ ನನಗೆ ಎರಡನೇ ಮದುವೆ ಮಾಡಿಸುತ್ತಿರಲಿಲ್ಲ.

ಆಗಿನ್ನೂ ಎಪ್ಪತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನಲ್ಲಿ ಕೋಟೆಗೋಡೆಗೆ ಹತ್ತಿರದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮನೆಯಲ್ಲಿ ಸರ್ಕಾರಿ ಗುಮಾಸ್ತನಾದ ನಾನು, ನನ್ನ ಹೆಂಡತಿ ನೀಲಮ್ಮ, ನಾಲ್ಕನೇ ಕ್ಲಾಸು ಮುಗಿಸಿದ್ದ ದೊಡ್ಡ ಮಗಳು ಗಿರಿಜಾ, ಇನ್ನೂ ಪಾಟಿಯನ್ನು ಉಗುಳು ಹಚ್ಚಿ ಒರೆಸುತ್ತಿದ್ದ ಸಣ್ಣವಳು ಶಾಂತಾ. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ನೀಲಮ್ಮನ ತವರು ದೇವದುರ್ಗದಿಂದ ಸುದ್ದಿ ಬಂತು. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಅವರನ್ನು ನೋಡಿಕೊಳ್ಳಬೇಕಾದ ಸೊಸೆ ತಾನೇ ತುಂಬಿದ ಬಸುರಿ. ನೀಲಮ್ಮ ಹೊರಟಳು. ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದಳು. ಆದರೆ ಅಲ್ಲಿ ಓಣಿ ತುಂಬ ದಡಾರ ಎದ್ದಿತ್ತು. ‘ಎಂಟು ದಿನಾ ಅಷ್ಟ ಯವ್ವಾ. ಹೋದೆ ಅನ್ನೂದ್ರಾಗ ಬಂದುಬಿಡ್ತೀನಿ,’ ಎಂದು ಶಾಂತಾಳ ಗಲ್ಲ ಹಿಡಿದು ಹೇಳಿ, ಕರೆಯಲು ಬಂದಿದ್ದ ತಮ್ಮನ ಜೊತೆ ಬಸ್ಸು ಹತ್ತಿದಳು. ಒಬ್ಬಳೇ ಬಸ್ಸು ಹತ್ತುವ ಹೆಂಗಸಲ್ಲ ಅವಳು. ಬಸ್ಸು ಒಂದು ತಿರುವು ತಿರುಗಿದರೆ ಸಾಕು, ಮತ್ತೆ ಊರಿಗೇ ವಾಪಸು ಹೊರಟಿತೋ ಏನೋ ಎಂದು ಗಾಬರಿಯಾಗುತ್ತಿದ್ದಳು.

ಎಂಟು ದಿನ ಕಳೆದವು. ಮತ್ತೆ ಎಂಟು ದಿನ ಕಳೆದವು. ಶಾಂತಾ ಮೊದಮೊದಲು ಓಣಿಯಲ್ಲಿ ರಿಕ್ಷಾದ ಗಂಟೆ ಕೇಳಿದರೆ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಆಮೇಲೆ ಕೂತಲ್ಲಿಂದಲೇ ಕಿವಿ ನಿಮಿರಿಸುತ್ತಿದ್ದಳು. ಒಂದು ದಿನ ನನ್ನ ಪಕ್ಕ ಬಂದು ಕೂತು, ‘ಯಪ್ಪಾ, ಎಂಟು ದಿನಾ ಅಂದ್ರ ಎಷ್ಟು?’ ಎಂದಳು. ಸರ್ಕಾರದ ಲೆಕ್ಕಪತ್ರ ನೋಡುವ ನನಗೆ ಆ ಲೆಕ್ಕ ಬರಲಿಲ್ಲ.

‘ಹೆಂಡತಿಗೆ ಬಾ ಅಂತ ಒಂದು ಕಾರ್ಡು ಹಾಕಬಾರದಾಗಿತ್ತೇ?’ ಎಂದು ನೀವು ಕೇಳಬಹುದು. ಕೇಳುವುದು ಸುಲಭ, ನೋಡಿ. ನಮ್ಮ ಮಾವನ ಮನೆಯಲ್ಲಿ ಕಾರ್ಡು ಬಂದರೆ ಅದು ಊರ ಆಸ್ತಿ. ಅಂಚೆಯವನು ಓಣಿಯ ತುದಿಯಲ್ಲಿ ಒಮ್ಮೆ ಓದಿಕೊಂಡು ಬರುತ್ತಾನೆ. ಆಮೇಲೆ ನನ್ನ ಭಾವಮೈದುನ ಅದನ್ನು ಮಲಗಿದ್ದ ತಾಯಿಗೆ ಕೇಳಲೆಂದು ಪಡಸಾಲೆಯಲ್ಲಿ ನಿಂತು ದೊಡ್ಡ ದನಿಯಲ್ಲಿ ಓದುತ್ತಾನೆ. ಅಷ್ಟು ಜನರ ಮುಂದೆ, ಎರಡು ಮಕ್ಕಳ ತಂದೆ, ಮೀಸೆ ಹೊತ್ತ ಗಂಡಸು, ‘ನೀನಿಲ್ಲದೆ ನನಗೆ ಆಗವಲ್ದು’ ಎಂದು ಹೇಗೆ ಬರೆಯುವುದು? ನಾನು ಬರೆದದ್ದು ಇಷ್ಟು: ‘ಇಲ್ಲಿ ಎಲ್ಲರೂ ಕ್ಷೇಮ. ಬಿಸಿಲು ಬಹಳ. ಅತ್ತೆಯವರನ್ನು ಚೆನ್ನಾಗಿ ನೋಡಿಕೊ. ಅವಸರ ಮಾಡಬೇಡ.’ ಆ ಕೊನೆಯ ಮಾತು ಯಾಕೆ ಬರೆದೆನೋ ಶಿವನೇ ಬಲ್ಲ. ಕಾರ್ಡಿನಲ್ಲಿ ಇನ್ನೂ ಜಾಗ ಉಳಿದಿತ್ತು, ಸುಮ್ಮನೆ ಹಾಳಾಗುತ್ತದಲ್ಲ ಎಂದು ಬರೆದಿರಬೇಕು. ಮರು ಟಪಾಲಿನಲ್ಲಿ ಉತ್ತರ ಬಂತು: ‘ನೀವೇ ಅವಸರ ಇಲ್ಲ ಅಂದಿರಿ, ಬಸವ ಜಯಂತಿ ಮುಗಿಸಿಕೊಂಡು ಬರುತ್ತೇನೆ.’ ಬಸವ ಜಯಂತಿ ಮುಗಿಯಿತು. ನಾನು ಇನ್ನೊಂದು ಕಾರ್ಡು ಬರೆದೆ, ಅದರಲ್ಲೂ ಕೊನೆಗೆ ಜಾಗ ಉಳಿಯಿತು. ಈ ಸಲದ ಉತ್ತರ: ‘ಕಾರಹುಣ್ಣಿಮೆಗೆ ಬರುತ್ತೇನೆ.’

ಅವಳಿಲ್ಲದ ಮನೆ ಹೇಗಿತ್ತೆಂದು ಹೇಳಲೇಬೇಕು. ಅಡುಗೆ ಹೇಗೋ ನಡೆಯುತ್ತಿತ್ತು. ಎದುರು ಮನೆಯ ಶರಣಮ್ಮ ರೊಟ್ಟಿ ಕಳಿಸುತ್ತಿದ್ದರು. ನಾನು ಬೇಳೆ ಕುದಿಸಿ ಅದನ್ನು ಸಾರು ಎಂದು ಕರೆಯುತ್ತಿದ್ದೆ. ಆದರೆ ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗ ‘ಬಂದ್ರ್ಯಾ?’ ಎಂಬ ಒಂದು ದನಿ ಒಳಗಿನಿಂದ ಬರುತ್ತಿತ್ತಲ್ಲ, ಅದು ಇರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟವನೇ ಅಲ್ಲ. ಕಣ್ಣಿಗೆ ಕಾಣುವಂತೆ ಬಂದು ನಿಂತ ಮೇಲೆ ಬಂದೆ ಎಂದು ಬೇರೆ ಹೇಳಬೇಕೇ ಎಂದು ಒಳಗೊಳಗೆ ಸಿಡುಕುತ್ತಿದ್ದೆ. ಆ ಬೇಸಿಗೆಯಲ್ಲಿ ಒಂದೆರಡು ಸಲ ಯಾರೂ ಕೇಳದಿದ್ದರೂ ‘ಹ್ಞೂಂ, ಬಂದೆ’ ಎಂದು ಗಟ್ಟಿಯಾಗಿಯೇ ಹೇಳಿದೆ. ಗಿರಿಜಾ ಒಳಗಿನಿಂದ ಇಣುಕಿ ನೋಡಿ, ನೀರು ತಂದುಕೊಟ್ಟಳು.

ಹೀಗಿರುವಾಗ ಕ್ಷೌರದ ಅಂಗಡಿಯಲ್ಲಿ ಒಂದು ಹಳೆಯ ವಾರಪತ್ರಿಕೆ ಕೈಗೆ ಸಿಕ್ಕಿತು. ‘ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಸುಲಭವಾಗಿ ಮಾಡಬಹುದಾದ ಕೈಕೆಲಸಗಳು ಮತ್ತು ಹಬ್ಬದ ತಿನಿಸುಗಳು’ ಎಂದು ಎರಡು ಪುಟ ತುಂಬ ಇತ್ತು. ಬರೆದವರು ಯಾವುದೋ ತಂಪು ಊರಿನ ಮಹಾತಾಯಿ. ಮಕ್ಕಳು ಕೆಲಸದಲ್ಲಿ ಮುಳುಗಿದರೆ ತಾಯಿಯ ನೆನಪು ಅಷ್ಟು ಕಾಡಲಿಕ್ಕಿಲ್ಲ ಎಂದು ನನಗೆ ಆಸೆ ಹುಟ್ಟಿತು. ಮಕ್ಕಳ ತಂದೆಗೂ ಅಷ್ಟೇ ಎಂಬ ಆಸೆಯನ್ನು ನಾನು ಆಗ ಒಪ್ಪಿಕೊಂಡಿರಲಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡ ಸ್ಥಿತಿಯಲ್ಲೇ ಆ ಪತ್ರಿಕೆಯನ್ನು ಕೇಳಿ ಪಡೆದೆ.

ಮೊದಲನೆಯದು ಮೊಟ್ಟೆಯ ಚಿಪ್ಪಿನ ಗೊಂಬೆ. ‘ಒಂದು ಖಾಲಿ ಮೊಟ್ಟೆಚಿಪ್ಪು ತೆಗೆದುಕೊಳ್ಳಿ’ ಎಂದು ಆ ಮಹಾತಾಯಿ ತಣ್ಣಗೆ ಬರೆದುಬಿಟ್ಟಿದ್ದರು. ನಮ್ಮ ಮನೆಯ ಎದುರಿಗೆ ಅಕ್ಕಿ ಗಿರಣಿಯ ಯಜಮಾನರ ಮನೆ. ಅವರ ಹೆಂಡತಿ ಶರಣಮ್ಮ ಹಣೆತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಆಗುವವರೆಗೆ ನೀರು ಕೂಡ ಮುಟ್ಟದವರು. ಅವರ ರೊಟ್ಟಿ ತಿಂದುಕೊಂಡು ಬದುಕಿದ್ದ ನಾನು ಮೊಟ್ಟೆಚಿಪ್ಪು ಎಲ್ಲಿಂದ ತರಲಿ, ತಂದು ಎಲ್ಲಿ ಉಳಿಯಲಿ? ಬೇಲದ ಹಣ್ಣಿನ ಚಿಪ್ಪಿನಲ್ಲಿ ಗೊಂಬೆ ಮಾಡಿದೆವು. ಸುಣ್ಣದಲ್ಲಿ ಕಣ್ಣು ಬರೆದು, ತೆಂಗಿನ ನಾರಿನ ಮೀಸೆ ಅಂಟಿಸಿದ ಮೇಲೆ ಅದು ನಮ್ಮ ಸಾಹೇಬರ ಹಾಗೆಯೇ ಕಂಡಿತು. ನನಗೆ ಹೆದರಿಕೆಯಾಗಿ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಎರಡನೆಯದು ‘ಫ್ರಿಜ್‌ನಲ್ಲಿ ಇಟ್ಟು ತೆಗೆಯಿರಿ’ ಎಂಬ ಹಣ್ಣಿನ ರಸದ ಬರ್ಫ. ಆಗ ನಮಗೆ ಗೊತ್ತಿದ್ದ ಫ್ರಿಜ್ಜು ಊರಿಗೆಲ್ಲ ಒಬ್ಬ ಡಾಕ್ಟರರ ಮನೆಯಲ್ಲಿತ್ತು. ಅದರಲ್ಲಿ ಹಾವಿನ ಕಡಿತದ ಔಷಧ ಇರುತ್ತದೆಂದು ಪ್ರತೀತಿ. ಅದನ್ನು ಬಿಟ್ಟು ಮೂರನೆಯದಕ್ಕೆ ಹೋದೆವು, ಬಣ್ಣದ ಕಾಗದದ ತೋರಣ. ಇದು ನಿಜವಾಗಿಯೂ ಸುಲಭ ಎನ್ನಿಸಿತು. ಆದರೆ ಆ ಊರಿನ ತಂಪಿನಲ್ಲಿ ಅಂಟು ಅಂಟಾಗಿಯೇ ಇರುತ್ತದೆ. ನಮ್ಮಲ್ಲಿ ಮಧ್ಯಾಹ್ನ ಹೊರಗೆ ಹೊರಟರೆ ನೆರಳು ಕೂಡ ‘ನೀವು ಹೋಗಿಬರ್ರಿ, ನಾ ಇಲ್ಲೇ ಇರ್ತೀನಿ’ ಎನ್ನುತ್ತದೆ. ಮೈದಾ ಕುದಿಸಿ ಮಾಡಿದ ಅಂಟು ಕಾಗದಕ್ಕೆ ತಾಕುವ ಮುಂಚೆಯೇ ಬೆರಳ ಮೇಲೆ ಹಪ್ಪಳವಾಗುತ್ತಿತ್ತು. ಫ್ಯಾನು ಹಚ್ಚಿದರೆ ಕಾಗದ ಹಾರುತ್ತಿತ್ತು, ಆರಿಸಿದರೆ ನಮ್ಮ ಬೆವರು ಬಿದ್ದು ಕಾಗದದ ಬಣ್ಣ ಇಳಿಯುತ್ತಿತ್ತು. ಆ ಬಣ್ಣದ ಕೈಯನ್ನು ಶಾಂತಾ ಪಡಸಾಲೆಯ ಗೋಡೆಯ ಉದ್ದಕ್ಕೂ ಒರೆಸಿಕೊಂಡು ಹೋದಳು. ಮನೆಯ ಮಾಲೀಕರು ಬರುವ ದಿನ ಹತ್ತಿರ ಬಂದಿತ್ತು. ಗೋಡೆ ನೋಡಿದರೆ ನಮ್ಮನ್ನು ಸಾಮಾನು ಸಮೇತ ಹೊರಗೆ ಹಾಕುತ್ತಾರೆಂದು ಹೆದರಿ, ಆಳು ಕರೆಸಿ ಒಳಗೂ ಹೊರಗೂ ಸುಣ್ಣ ಹೊಡೆಸಿಬಿಟ್ಟೆ. ಹೊಸ ಸುಣ್ಣದ ಗೋಡೆಗೆ ತೋರಣ ಚಂದ ಕಾಣುತ್ತದೆ ಎಂದು ಗಿರಿಜಾ ಅದನ್ನು ಮುಂಬಾಗಿಲಿಗೆ ಕಟ್ಟಿದಳು. ಇವೆರಡನ್ನೂ ನೀವು ಸ್ವಲ್ಪ ನೆನಪಿನಲ್ಲಿಡಬೇಕು: ಸುಣ್ಣ ಒಂದು, ತೋರಣ ಒಂದು.

ಕೊನೆಗೆ ಗಿರಿಜಾ ಪತ್ರಿಕೆಯನ್ನು ಮಡಚಿ ದೂರ ಇಟ್ಟಳು. ‘ಯಪ್ಪಾ, ಇವ್ಯಾವೂ ನಮಗ ಆಗೂವಲ್ಲ. ಸೌತಿಬೀಜ ಮಾಡೂಣು. ಅವ್ವ ಮಾಡೂದು ನಾ ನೋಡೀನಿ. ಕಾರಹುಣ್ಣಿವಿಗೆ ಪಾಯಸಾ ಆಗತದ,’ ಎಂದಳು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಇದು ಸೌತೆಕಾಯಿಯ ಬೀಜವಲ್ಲ. ಗೋಧಿಯ ಸಣ್ಣ ರವೆಯನ್ನು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಆಮೇಲೆ ಆ ಕಣಕವನ್ನು ಅಂಗೈಯಲ್ಲಿ ದಾರದ ಹಾಗೆ ಹೊಸೆದು, ಹೆಬ್ಬೆರಳು ತೋರುಬೆರಳಿನಿಂದ ಚಿವುಟುತ್ತ ಹೋಗಬೇಕು. ಒಂದೊಂದು ಚಿವುಟಿಗೂ ಎರಡು ತುದಿ ಚೂಪಾದ ಒಂದು ಬೀಜ ಮೊರದಲ್ಲಿ ಬೀಳುತ್ತದೆ. ಒಣಗಿಸಿ ಇಟ್ಟರೆ ವರ್ಷವಿಡೀ ಪಾಯಸಕ್ಕೆ ಬರುತ್ತದೆ. ನೀಲಮ್ಮ ಇದನ್ನು ಮಾಡುವಾಗ ಮಾತಾಡುತ್ತಿರುತ್ತಾಳೆ, ಬೈಯುತ್ತಿರುತ್ತಾಳೆ, ಹಾಲಿನವಳ ಜೊತೆ ಜಗಳವನ್ನೂ ಆಡುತ್ತಿರುತ್ತಾಳೆ. ಬೆರಳು ಮಾತ್ರ ತಮ್ಮ ಪಾಡಿಗೆ ಟಿಕ್ ಟಿಕ್ ಎಂದು ಬೀಜ ಉದುರಿಸುತ್ತಿರುತ್ತವೆ. ನನ್ನ ಬೆರಳಿಗೆ ಆ ಗುಣ ಇರಲಿಲ್ಲ. ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಚಿವುಟಿದರೂ ನನ್ನವು ದಪ್ಪಗೆ, ಸೊಟ್ಟಗೆ, ಒಂದು ಕಡೆ ಉಬ್ಬಿಕೊಂಡು ಬೀಳುತ್ತಿದ್ದವು. ಶಾಂತಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ‘ಯಪ್ಪಾ, ಇದಕ್ಕ ಹೊಟ್ಟಿ ಬಂದದ,’ ಎಂದಳು. ಪತ್ರಿಕೆಯ ತಾಯಿ ‘ಮಕ್ಕಳಿಗೆ ಬಣ್ಣ ಇಷ್ಟ’ ಎಂದು ಬರೆದದ್ದು ಗಿರಿಜಾಳಿಗೆ ನೆನಪಿತ್ತು. ಸ್ವಲ್ಪ ಕಣಕಕ್ಕೆ ಅರಿಷಿಣ, ಸ್ವಲ್ಪಕ್ಕೆ ತಿನಿಸಿಗೆ ಹಾಕುವ ಕೆಂಪು ಬಣ್ಣ ಕಲಸಿದಳು. ಮೊರದಲ್ಲಿ ಬಿಳಿ, ಹಳದಿ, ಕೆಂಪು ಬೀಜಗಳು ಬಿದ್ದವು. ನೋಡಲು ಬಹಳ ಚಂದ ಇತ್ತು ಎಂಬುದು ನಿಜ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಎರಡನೆಯ ದಿನ ಶಾಂತಾ ತಾನಾಗಿಯೇ ಒಂದು ನೇಮ ಮಾಡಿಕೊಂಡಳು. ‘ಮೊರ ತುಂಬಿದ ದಿನಾ ಅವ್ವ ಬರ್ತಾಳ,’ ಎಂದಳು. ಯಾರು ಹೇಳಿದರೆಂದು ಕೇಳಿದೆ. ‘ನಾನ ಹೇಳೀನಿ,’ ಎಂದಳು. ಅವತ್ತಿನಿಂದ ಆ ಮಗುವಿನ ಕೈಗೆ ಬಿಡುವಿಲ್ಲ. ಆಟವಿಲ್ಲ, ಮಧ್ಯಾಹ್ನದ ನಿದ್ದೆಯಿಲ್ಲ, ನಾಲಿಗೆ ಹೊರಗೆ ಚಾಚಿಕೊಂಡು ಚಿವುಟುವುದೇ ಚಿವುಟುವುದು. ನಾನು ಪಂಚಾಂಗ ತೆಗೆದು ನೋಡಿದೆ. ಕಾರಹುಣ್ಣಿಮೆ ಇನ್ನೂ ದೂರ ಇತ್ತು. ಕಾರಹುಣ್ಣಿಮೆಗೂ ಅವಳು ಬಂದಾಳೆಂಬ ನಂಬಿಕೆ ನನಗಿರಲಿಲ್ಲ. ಮೊರ ಮಾತ್ರ ದಿನದಿನಕ್ಕೆ ತುಂಬುತ್ತಿತ್ತು. ಮೊರ ತುಂಬಿ, ಅವ್ವ ಬಾರದಿದ್ದರೆ ಈ ಮಗುವಿನ ಮುಖ ಹೇಗೆ ನೋಡುವುದು? ಬೇರೆ ದಾರಿ ಕಾಣದೆ, ಮಕ್ಕಳು ಹಿತ್ತಲಿಗೆ ಹೋದಾಗ ಒಂದೊಂದು ಹಿಡಿ ತೆಗೆದು, ಹಳೆಯ ಬಿಸ್ಕಿಟ್ ಡಬ್ಬಿಗೆ ಹಾಕಿ, ಅಕ್ಕಿ ಚೀಲದ ಹಿಂದೆ ಬಚ್ಚಿಡತೊಡಗಿದೆ. ಸ್ವಂತ ಮನೆಯಲ್ಲಿ, ಸ್ವಂತ ಮಕ್ಕಳು ಮಾಡಿದ ಸೌತೆಬೀಜವನ್ನು ಕದ್ದ ಗುಮಾಸ್ತ ರಾಯಚೂರು ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದೇನು.

ಆದರೂ ನನಗೆ ಒಂದು ಆಶ್ಚರ್ಯ. ನಾನು ತೆಗೆದದ್ದಕ್ಕಿಂತ ಹೆಚ್ಚಾಗಿಯೇ ಮೊರ ಇಳಿಯುತ್ತಿತ್ತು. ಶಾಂತಾ ಬಹಳ ಯೋಚನೆ ಮಾಡಿ ಅಪರಾಧಿಗಳನ್ನು ಕಂಡುಹಿಡಿದಳು. ‘ಗುಬ್ಬಿ ತಿನ್ನಾಕತ್ತಾವ ಯಪ್ಪಾ!’ ಎಂದು ಮಾಳಿಗೆಯ ಮೇಲೆ ಮೊರದ ಪಕ್ಕ ಕೋಲು ಹಿಡಿದು ಕಾವಲು ಕೂತಳು. ಬಿಸಿಲಿಗೆ ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಅದು ಹಸಿರು ಸೀರೆ.

ಎದುರಿನ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕಲು ಬಂದ ಶರಣಮ್ಮ ಇದನ್ನೆಲ್ಲ ನೋಡಿದರು. ಅವರ ಕಣ್ಣಿನಿಂದ ನೀವೂ ಒಮ್ಮೆ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರ ಮಾಳಿಗೆಯ ಮೇಲೂ ಶ್ಯಾವಿಗೆ, ಹಪ್ಪಳ, ಸಂಡಿಗೆ ಇರುತ್ತವೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅರಿಷಿಣ ಕುಂಕುಮದ ಬಣ್ಣ ಹಾಕಿದ ಸೌತೆಬೀಜ ಮೊರದಲ್ಲಿ ಒಣಗುತ್ತಿದೆ ಎಂದರೆ ಆ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ ಎಂದೇ ಅರ್ಥ. ಬೇರೆ ಯಾವುದಕ್ಕೂ ಯಾರೂ ಬಣ್ಣ ಹಾಕುವುದಿಲ್ಲ. ಜೊತೆಗೆ ಒಳಗೂ ಹೊರಗೂ ಹೊಸ ಸುಣ್ಣ, ಬಾಗಿಲಿಗೆ ತೋರಣ, ಮಗುವಿನ ತಲೆಗೆ ಮದುವೆಮನೆಯ ಹಸಿರು ಸೀರೆ. ಮನೆಯಲ್ಲಿರುವ ಹೆಣ್ಣುಮಕ್ಕಳು ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸಿನವರು. ಯಜಮಾನಿ ಊರು ಬಿಟ್ಟು ಹೋಗಿ ಯಾವ ಕಾಲವಾಯಿತೋ. ಹಾಗಿದ್ದರೆ ಮದುವೆ ಯಾರದು? ಎಂಥ ಪತ್ತೇದಾರನಾದರೂ ಬೇರೆ ಉತ್ತರ ಹೇಳಲಾರ.

ನನಗೆ ಇದರ ಗಂಧಗಾಳಿಯೂ ಇರಲಿಲ್ಲ. ಶರಣಮ್ಮ ಒಂದು ಸಂಜೆ ರೊಟ್ಟಿ ಕೊಡಲು ತಾವೇ ಬಂದು, ಸುಣ್ಣದ ಗೋಡೆ ನೋಡಿ, ತೋರಣ ನೋಡಿ, ‘ಶಿವಾ ಶಿವಾ’ ಎಂದು ನಿಟ್ಟುಸಿರು ಬಿಟ್ಟರು.

‘ಅಣ್ಣಾರ, ಹೆಣ್ಮಕ್ಕಳು ಇನ್ನೂ ಸಣ್ಣವು ಅದಾವ್ರೀ. ಸ್ವಲ್ಪ ವಿಚಾರ ಮಾಡ್ರಿ,’ ಎಂದರು.

ಅಡುಗೆ ಮನೆಯ ನನ್ನ ಪಾಡು ನೋಡಿ ಮರುಗುತ್ತಿದ್ದಾರೆ ಎಂದುಕೊಂಡೆ ನಾನು. ‘ಏನ್ ಮಾಡ್ಲಿ ಅಕ್ಕಾರ,’ ಎಂದೆ. ‘ಮನ್ಯಾಗ ಒಂದು ಹೆಣ್ಣುದಿಕ್ಕು ಇಲ್ದಿದ್ರ ನಡಿಯಂಗಿಲ್ಲ ನೋಡ್ರಿ. ನನ್ನ ಕೈಲಂತೂ ಆಗವಲ್ದು.’

‘ಹಂಗಾರ ನೀಲಮ್ಮ?’

‘ಆಕಿ ಈಗೆಲ್ಲಿ ಬರ್ತಾಳ್ರೀ!’ ಎಂದು ನಾನೂ ಒಂದು ನಿಟ್ಟುಸಿರು ಬಿಟ್ಟೆ. ಅಷ್ಟು ದಿನದಿಂದ ಯಾರ ಮುಂದೂ ಆಡದ ಮಾತು ಅದು. ಆಡಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು. ಶರಣಮ್ಮ ರೊಟ್ಟಿಯ ಬುಟ್ಟಿಯನ್ನು ದಪ್ಪನೆ ಕೆಳಗಿಟ್ಟು ಹೋದರು. ಮರುದಿನ ಅವರ ಯಜಮಾನರು ಗಿರಣಿಯ ಬಾಗಿಲಲ್ಲಿ ನನ್ನ ನಮಸ್ಕಾರಕ್ಕೆ ಮುಖ ತಿರುಗಿಸಿದರು. ಅಕ್ಕಿಯ ಧಾರಣೆ ಬಿದ್ದಿರಬೇಕು ಎಂದುಕೊಂಡೆ.

ಶರಣಮ್ಮನ ತಂಗಿಯನ್ನು ಕೊಟ್ಟದ್ದು ದೇವದುರ್ಗಕ್ಕೆ, ನಮ್ಮ ಮಾವನ ಮನೆಯ ಹಿಂದಿನ ಓಣಿಗೆ. ಭತ್ತದ ವ್ಯವಹಾರಕ್ಕೆ ಗಿರಣಿಗೆ ಬಂದಿದ್ದ ಆಕೆಯ ಗಂಡ ಊರಿಗೆ ಹಿಂತಿರುಗುವಾಗ ಈ ಸುದ್ದಿಯನ್ನೂ ಮಡಿಲಲ್ಲಿ ಕಟ್ಟಿಕೊಂಡು ಹೋದ. ನನ್ನ ಎರಡು ಕಾರ್ಡುಗಳು ಮಾಡದ ಕೆಲಸವನ್ನು ಆ ಮನುಷ್ಯ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದ.

ಅದೊಂದು ಭಾನುವಾರ. ಮಟಮಟ ಮಧ್ಯಾಹ್ನ, ನಾಯಿ ಕೂಡ ಕಣ್ಣು ತೆರೆಯದ ಹೊತ್ತು. ಬಾಗಿಲ ಮುಂದೆ ರಿಕ್ಷಾ ನಿಂತಿತು. ನೀಲಮ್ಮ ಇಳಿದಳು. ಒಬ್ಬಳೇ! ತಮ್ಮ ಇಲ್ಲ, ಯಾರೂ ಇಲ್ಲ. ಎಷ್ಟೋ ತಿರುವುಗಳ ಆ ದಾರಿಯನ್ನು, ಒಬ್ಬಳೇ ಬಸ್ಸು ಹತ್ತದ ಹೆಂಗಸು, ಕೈಯಲ್ಲೊಂದು ಗಂಟು ಹಿಡಿದು ದಾಟಿ ಬಂದಿದ್ದಳು. ಮುಖ ಬಿಸಿಲಿಗೆ ಕೆಂಪಾಗಿದೆ ಎಂದುಕೊಂಡೆ. ತೋರಣ ನೋಡಿದಳು, ಸುಣ್ಣ ನೋಡಿದಳು. ನಾನು ‘ಬಂದ್ಯಾ?’ ಎಂದೆ. ಅವಳು ನನ್ನನ್ನು ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಸಿ, ಅಡುಗೆ ಮನೆ, ಬಚ್ಚಲು, ಹಿತ್ತಲು ಇಣುಕಿ, ದಡದಡ ಮಾಳಿಗೆ ಹತ್ತಿದಳು. ನಾನೂ ಗಿರಿಜಾಳೂ ಹಿಂದೆ ಓಡಿದೆವು. ಮೇಲೆ ಶಾಂತಾ ಹಸಿರು ಸೀರೆಯ ತುಂಡು ಸುತ್ತಿಕೊಂಡು ಕೋಲು ಹಿಡಿದು ಕೂತಿದ್ದವಳು ತಾಯಿಯನ್ನು ನೋಡಿ ಎದ್ದು ಬರಲಿಲ್ಲ. ಮೊರ ನೋಡಿದಳು, ಅವ್ವನನ್ನು ನೋಡಿದಳು, ಮತ್ತೆ ಮೊರ ನೋಡಿದಳು. ‘ಇನ್ನಾ ತುಂಬಿಲ್ಲ ಬೇ ಯವ್ವಾ!’ ಎಂದು ಹೋ ಎಂದು ಅಳತೊಡಗಿದಳು.

ನೀಲಮ್ಮ ಮಗುವನ್ನು ಎತ್ತಿಕೊಂಡು ಮೊರದ ಮುಂದೆ ಕುಸಿದು ಕೂತಳು. ಒಂದು ಬೀಜ ಎತ್ತಿಕೊಂಡಳು. ಹಳದಿಯದು, ಹೊಟ್ಟೆ ಬಂದದ್ದು. ತಿರುಗಿಸಿ ತಿರುಗಿಸಿ ನೋಡಿದಳು.

‘ಇದು ಯಾರ ಕೈ?’

‘ಅಪ್ಪಂದು,’ ಎಂದಳು ಗಿರಿಜಾ.

‘ಇದು?’

‘ಅದೂ ಅಪ್ಪಂದ ಬೇ.’

ನೀಲಮ್ಮನ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಗಾಬರಿಯಾಗಿ ಹತ್ತಿರ ಹೋದರೆ ನಗುತ್ತಿದ್ದಾಳೆ. ನಗುತ್ತ, ಕಣ್ಣು ಒರೆಸಿಕೊಳ್ಳುತ್ತ, ಎದುರು ಮಾಳಿಗೆಯಲ್ಲಿ ಮೆಣಸಿನಕಾಯಿಯ ಹಿಂದೆ ಅರ್ಧ ಕಾಣುತ್ತಿದ್ದ ಶರಣಮ್ಮನಿಗೆ ಕೇಳುವಂತೆ, ‘ಅಕ್ಕಾರ! ಬಂದು ನೋಡ್ರಿ ಇಲ್ಲಿ. ಇವು ಸೌತಿಬೀಜ ಏನ್ರಿ, ಹುಣಸಿಬೀಜ! ಇಂಥಾವು ಮಾಡ್ಕೋತ ಕುಂತಾರಂದ್ರ ಈ ಮನಿಗೆ ಇನ್ನೊಬ್ಬಾಕಿ ಎಲ್ಲಿ ಕಾಲಿಟ್ಟಾಳ್ರೀ? ಯಾವ ಹೆಣ್ಮಗಳು ಕಣ್ಣಿಲೆ ನೋಡಿ ಸುಮ್ನಿರ್ತಿದ್ಲು?’ ಎಂದಳು. ಆಗ ನನಗೆ ಎಲ್ಲ ತಿಳಿಯಿತು. ಲೋಕದಲ್ಲಿ ಗಂಡಸರು ತಮ್ಮ ಶೀಲವನ್ನು ಬೆಂಕಿ ಮುಟ್ಟಿ, ದೇವರ ಮುಂದೆ ಆಣೆ ಇಟ್ಟು ಸಾಬೀತು ಮಾಡಿದ್ದನ್ನು ಕೇಳಿದ್ದೇನೆ. ಕಣಕ ಚಿವುಟಲು ಬಾರದ್ದರಿಂದ ಪಾರಾದವನು ನಾನು.

ಆ ಸಂಜೆ ಪಾಯಸಕ್ಕೆ ಹಾಲು ಕಾಯುತ್ತಿದ್ದಾಗ ಅವಳು ಅಕ್ಕಿ ಚೀಲ ಸರಿಸಿದಳು, ನನ್ನ ಬಿಸ್ಕಿಟ್ ಡಬ್ಬಿ ಹೊರಬಿತ್ತು. ನಾನು ತಲೆ ತಗ್ಗಿಸಿ ಕಾರಣ ಹೇಳಿದೆ. ಗಿರಿಜಾ ಎದ್ದು ಹೋಗಿ, ತನ್ನ ಪಾಟಿಚೀಲದಿಂದ ಇನ್ನೊಂದು ಡಬ್ಬಿ ತಂದು ಪಕ್ಕದಲ್ಲಿಟ್ಟಳು. ಅದರಲ್ಲೂ ಸೌತೆಬೀಜ. ‘ಮೊರ ತುಂಬಿದ್ರ ಶಾಂತಾ ಅಳ್ತಾಳಂತ ತಗದಿಡ್ತಿದ್ದೆ,’ ಎಂದಳು. ಗುಬ್ಬಿಗಳ ಮೇಲಿನ ಆಪಾದನೆ ಅವತ್ತು ಬಿದ್ದುಹೋಯಿತು. ನೀಲಮ್ಮ ಆ ಎರಡು ಡಬ್ಬಿಗಳನ್ನೂ ಒಂದೇ ತಟ್ಟೆಗೆ ಸುರಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು, ‘ಬಾ ಅಂತ ಒಂದು ಮಾತು ಬರಿಯಾಕ ಏನಾಗಿತ್ರೀ ನಿಮಗ?’

‘ಎಲ್ಲಾರೂ ಓದ್ತಾರಲ್ಲ…’

‘ಓದ್ಲಿ ಬಿಡ್ರಿ! ದಿನಾ ಟಪಾಲಿನವನ ದಾರಿ ನೋಡಿ 'ಅವಸರ ಮಾಡಬ್ಯಾಡ' ಅಂಬೂದನ್ನ ಕೇಳಿಸ್ಕೊಂಡಾಕಿ ನಾನು,’ ಎಂದಳು. ಈಗಲಾದರೂ ಹೇಳಬೇಕು ಎಂದು ಬಾಯಿ ತೆರೆದೆ. ‘ಹಾಲು ಉಕ್ಕಾಕತ್ತದ ನೋಡು,’ ಎಂದೆ. ಹಾಲು ಉಕ್ಕುತ್ತಿರಲಿಲ್ಲ.

ಆ ಪಾಯಸದಲ್ಲಿ ಮಕ್ಕಳು ಮಾಡಿದ ಬೀಜಗಳು ಬೆಂದವು. ನನ್ನವು ಕೊನೆಯವರೆಗೂ ಬೇಯಲಿಲ್ಲ. ಶಾಂತಾ ಅವನ್ನು ಹೆಕ್ಕಿ ಹೆಕ್ಕಿ ನನ್ನ ಬಟ್ಟಲಿಗೇ ಹಾಕಿದಳು. ಉಳಿದವನ್ನು ನೀಲಮ್ಮ ಚೆಲ್ಲಲಿಲ್ಲ, ಬೇಯಿಸಲೂ ಇಲ್ಲ. ಒಂದು ಗಾಜಿನ ಭರಣಿಗೆ ಹಾಕಿ ಮೇಲಿನ ಗೂಡಿನಲ್ಲಿ ಇಟ್ಟಳು. ನನ್ನ ಮೇಲೆ ಸಿಟ್ಟು ಬಂದಾಗ ಅದನ್ನು ಇಳಿಸಿ ಒಮ್ಮೆ ಅಲ್ಲಾಡಿಸುತ್ತಾಳೆ. ಗಲಗಲ ಸದ್ದು ಕೇಳಿದರೆ ಇಬ್ಬರಿಗೂ ನಗು ಬರುತ್ತದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಎಂಬತ್ತರ ದಶಕವೂ ಮುಗಿಯುತ್ತ ಬಂದ ಈ ಬೇಸಿಗೆಯಲ್ಲಿ ನೀಲಮ್ಮ ಮಾನ್ವಿಗೆ ಹೋಗಿದ್ದಾಳೆ. ಗಿರಿಜಾಳನ್ನು ಕೊಟ್ಟದ್ದು ಅಲ್ಲಿಗೆ. ಅವಳ ಎರಡು ಮಕ್ಕಳಿಗೆ ರಜೆ. ಅಜ್ಜಿ ಅವರನ್ನು ಕೂಡಿಸಿಕೊಂಡು ಸಂಡಿಗೆ, ಸೌತೆಬೀಜ ಎಂದು ಸಂಭ್ರಮದಲ್ಲಿದ್ದಾಳಂತೆ. ಹೋಗುವಾಗ ‘ಎಂಟು ದಿನಾ ಅಷ್ಟ’ ಎಂದಿದ್ದಳು. ಶಾಂತಾ ಧಾರವಾಡದಲ್ಲಿ ಓದುತ್ತಾಳೆ, ಪರೀಕ್ಷೆ ಮುಗಿದಿಲ್ಲ. ಹೀಗಾಗಿ ಎಂಟು ದಿನ ಎಂದರೆ ಎಷ್ಟು ಎಂದು ಕೇಳಲು ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಈಗ ಕಾರ್ಡಿನ ಕಾಟ ಇಲ್ಲ, ಶರಣಮ್ಮನ ಮನೆಗೆ ಫೋನು ಬಂದಿದೆ. ಮೊನ್ನೆ ಮಾಡಿದೆ. ಸುತ್ತ ಶರಣಮ್ಮ, ಅವರ ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಕಿವಿ ತೆರೆದು ನಿಂತಿದ್ದರು. ನೀಲಮ್ಮ ಆ ಕಡೆಯಿಂದ ‘ಹೆಂಗದೀರಿ?’ ಎಂದಳು. ನಾನು ಮೀಸೆ ತೀಡಿಕೊಂಡೆ. ‘ಆರಾಮ ಅದೀನಿ. ಬಿಸಿಲು ಭಾಳ ಅದ. ನೀ ಏನ್ ಅವಸರ ಮಾಡಬ್ಯಾಡ,’ ಎಂದು ಹೇಳಿ ಫೋನು ಇಟ್ಟುಬಿಟ್ಟೆ.

ಇಂದು ಬೆಳಗ್ಗೆ ಎದ್ದು ರವೆ ನಾದಿದೆ. ಅರಿಷಿಣ ಹಾಕಿದೆ. ಒಬ್ಬನೇ ಕೂತು ಚಿವುಟಿ, ಮೊರದಲ್ಲಿ ಹರವಿ, ಮಾಳಿಗೆ ಹತ್ತಿ, ಶರಣಮ್ಮನಿಗೆ ಚೆನ್ನಾಗಿ ಕಾಣುವ ಜಾಗ ನೋಡಿ ಇಟ್ಟೆ. ಒಮ್ಮೆ ಕೆಮ್ಮಿದೆ ಕೂಡ. ಅವರಿಗೂ ವಯಸ್ಸಾಗಿದೆ, ಕಣ್ಣಿಗೆ ಪೊರೆ ಬಂದಿದೆ. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

‘ಏನ್ ಒಣಾ ಹಾಕೀರಿ ಅಣ್ಣಾರ?’ ಎಂದರು. ‘ಹುಣಸಿಬೀಜ ಏನ್ರಿ?’

ಹ್ಞೂಂ ಎಂದೆ. ಮತ್ತೇನು ಹೇಳಲಿ? ಇವು ಸೌತೆಬೀಜ ಎಂದು ಗುರುತು ಹಿಡಿಯಬಲ್ಲವಳು ಈ ಲೋಕದಲ್ಲಿ ಒಬ್ಬಳೇ, ಅವಳು ಮಾನ್ವಿಯಲ್ಲಿದ್ದಾಳೆ. ಬೀಜಗಳನ್ನು ಹಸಿಬಿಸಿಯಾಗಿಯೇ ಡಬ್ಬಿಗೆ ತುಂಬಿದ್ದೇನೆ. ಸಂಜೆಯ ಬಸ್ಸಿಗೆ ಹೊರಟಿದ್ದೇನೆ. ದಾರಿಯಲ್ಲಿ ಕಲ್ಮಲ ಊರು ದಾಟುವಷ್ಟರಲ್ಲಿ, ‘ಇದ್ದಕ್ಕಿದ್ದಂಗ ಯಾಕ ಬಂದ್ರಿ?’ ಎಂದು ಅವಳು ಕೇಳಿದರೆ ಏನು ಹೇಳಬೇಕೆಂಬುದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮೊಮ್ಮಕ್ಕಳಿಗೆ ಸೌತೆಬೀಜ ಮಾಡುವುದನ್ನು ಸುಲಭವಾಗಿ ಕಲಿಸಿಕೊಡಲು ಬಂದೆ ಎನ್ನುತ್ತೇನೆ.